ಯಾರ ಹೆಸರು ಮೊದಲು ನೆನಪಾಯಿತು?

ಪ್ರಶ್ನೆ: 2024ರಲ್ಲಿ ಒಂದೇ ತಿಂಗಳೊಳಗೆ ಹುಬ್ಬಳ್ಳಿಯಲ್ಲಿ ಇಬ್ಬರು, ಕೊಡಗಿನಲ್ಲಿ ಒಬ್ಬಳು ಹುಡುಗಿ ಕೊಲೆಯಾದರು. ಫೇಸ್‌ಬುಕ್, ವಾಟ್ಸಾಪ್ ತುಂಬ ಒಬ್ಬಳದೇ ಫೋಟೊ. ನಿಮ್ಮ ಪತ್ರಿಕೆಯೂ ಅದನ್ನೇ ಮಾಡಿತು. ಒಬ್ಬಳ ಬಗ್ಗೆ ಅಷ್ಟೊಂದು ಬರೆಯಬೇಕಿತ್ತಾ?
– ಒಬ್ಬ ಓದುಗರು, ಗದಗ

ಉತ್ತರ: ಹೌದು, ಮಾಡಿದೆವು. ಮೊದಲ ಕೊಲೆಗೆ ಪುಟಗಟ್ಟಲೆ ಕೊಟ್ಟೆವು, ಕೊಡಗಿನ ಹುಡುಗಿಗೆ ಅರ್ಧ ಕಾಲಂ. ಈ ಉತ್ತರದಲ್ಲಿ ಮೂವರ ಹೆಸರನ್ನೂ ಬೇಕೆಂದೇ ಬರೆಯುತ್ತಿಲ್ಲ. ಆದರೂ ಒಂದು ಹೆಸರು ತಾನಾಗೇ ನಾಲಿಗೆಗೆ ಬಂತು, ಅಲ್ವಾ?

ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ನಡೆದ ಆ ಮೊದಲ ಕೊಲೆ ಸಿಸಿಟಿವಿಯಲ್ಲಿ ಸೆರೆಯಾಗಿತ್ತು. ತಂದೆ ಪಾಲಿಕೆ ಸದಸ್ಯರು. ಆರೋಪಿ ಬೇರೆ ಧರ್ಮದವನು. ಮೇ 7ಕ್ಕೆ ಅಲ್ಲಿ ಲೋಕಸಭೆ ಮತದಾನ. ಇಷ್ಟೂ ಒಟ್ಟಿಗೆ ಸೇರಿದ ಮೇಲೆ ಕೇಳಬೇಕೇ? ದೊಡ್ಡ ನಾಯಕರು ಮನೆಗೆ ಬಂದರು, ಮುಖ್ಯಮಂತ್ರಿ ಬಂದರು, ತನಿಖೆ ಸಿಐಡಿಗೆ ಹೋಯಿತು. ಹುಡುಗಿಗಾಗಿ ಅತ್ತವರು ಇರಲಿಲ್ಲ ಅಂತಲ್ಲ, ಆದರೆ ಅವಳ ಫೋಟೊ ಹಂಚಿದವರಲ್ಲಿ ಎಷ್ಟೋ ಜನಕ್ಕೆ ಬೇಕಿದ್ದದ್ದು ಆರೋಪಿಯ ಹೆಸರು.

ಮೇ 9, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಕೊಡಗಿನ ಆ 16 ವರ್ಷದ ಹುಡುಗಿ ಪಾಸಾಗಿದ್ದಳು. ಇನ್ನೂ ಮದುವೆಯ ವಯಸ್ಸಾಗಿಲ್ಲ ಎಂದು ಅಧಿಕಾರಿಗಳು ಅವಳ ನಿಶ್ಚಿತಾರ್ಥ ನಿಲ್ಲಿಸಿದ್ದರು. ಅದೇ ಸಿಟ್ಟಿಗೆ ಮದುವೆಯಾಗಬೇಕಿದ್ದವನು ಮನೆಗೆ ಬಂದು ಕೊಂದ ಎನ್ನುವುದು ಕೇಸು. ರಾಜ್ಯದಲ್ಲಿ ಮತದಾನ ಪೂರ್ತಿ ಮುಗಿದು ಎರಡು ದಿನವಾಗಿತ್ತು. ಬೈಯಲು ಪರಧರ್ಮದವರೂ ಸಿಗಲಿಲ್ಲ. ಸಿಕ್ಕಿದ್ದು ಬಾಲ್ಯವಿವಾಹ. ಅದನ್ನು ಬೈದರೆ ನಮ್ಮ ನಮ್ಮ ಮನೆ ಬಾಗಿಲಿಗೇ ಬರುತ್ತದೆ.

ಮೇ 15ರದ್ದು ನನ್ನನ್ನು ಇನ್ನೂ ಕಾಡುತ್ತದೆ. ಹುಬ್ಬಳ್ಳಿಯ ವೀರಾಪುರ ಓಣಿ, ಬೆಳಗಿನ ಜಾವ, ಮನೆಗೇ ನುಗ್ಗಿ ಇರಿತ. ಅಜ್ಜಿಯ ಜೊತೆ ಇದ್ದ ಹುಡುಗಿ, 20 ವರ್ಷ. ಮೊದಲೇ ಠಾಣೆಗೆ ಹೋಗಿ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಅಜ್ಜಿ ಗೋಳಾಡಿದರು. ಕಾಲೇಜಿನ ಹುಡುಗಿಗೆ ಆದ ಗತಿಯೇ ನಿನಗೂ ಅಂತ ಆರೋಪಿ ಮೊದಲೇ ಹೆದರಿಸಿದ್ದನಂತೆ. ಅಂದರೆ ನಾವೆಲ್ಲ ಹಗಲೂ ರಾತ್ರಿ ತೋರಿಸಿದ ಆ ಕೊಲೆ ಅವನ ಬಾಯಲ್ಲಿ ಬೆದರಿಕೆಯಾಗಿ ಬಂದಿತ್ತು, ಅದೇ ಊರಿನ ಠಾಣೆಗೆ ಮಾತ್ರ ಅದು ಎಚ್ಚರಿಕೆಯಾಗಿ ಕೇಳಿಸಲಿಲ್ಲ. ಆಮೇಲೆ ಪೊಲೀಸರು ಅಮಾನತಾದರು, ಇದೂ ಸಿಐಡಿಗೆ ಹೋಯಿತು. ಊರು ಆಗಲೇ ಕುದಿಯುತ್ತಿರದಿದ್ದರೆ ಅಷ್ಟೂ ಆಗುತ್ತಿತ್ತೋ ಇಲ್ಲವೋ, ನನಗಂತೂ ಅನುಮಾನ.

ಅದಕ್ಕೇ ನಿಮ್ಮ ಒಂದು ಮಾತನ್ನು ಒಪ್ಪುವುದಿಲ್ಲ. ಮೊದಲನೆಯವಳ ಬಗ್ಗೆ ಕಡಿಮೆ ಬರೆಯಬೇಕಿತ್ತು ಅಂದರೆ ಹೇಗೆ? ಅವಳಿಗೆ ಸಿಕ್ಕ ಗಮನ ಜಾಸ್ತಿಯಾಗಲಿಲ್ಲ, ಬೇರೆ ಯಾರದೋ ಕೆಲಸಕ್ಕೆ ಬಳಕೆಯಾಯಿತು. ಅವಳ ಮನೆಯವರು ಕೇಳಿದ್ದು ನ್ಯಾಯ, ಹ್ಯಾಷ್‌ಟ್ಯಾಗ್ ಅಲ್ಲ.

ಇನ್ನು ಫೋಟೊವೇ ಬಾರದವರ ಮಾತು. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ವರದಕ್ಷಿಣೆ ಸಾವಿನ ಕೇಸು 6,450. ದಿನಕ್ಕೆ ಹದಿನೇಳಕ್ಕೂ ಜಾಸ್ತಿ. ಅಡುಗೆಮನೆಯಲ್ಲಿ ಸಿಸಿಟಿವಿ ಇರುವುದಿಲ್ಲ. 'ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬ ತಲೆಬರಹವನ್ನು ನಾನೇ ನನ್ನ ಕೈಯಾರೆ ಎಷ್ಟು ಸಲ ಬರೆದಿದ್ದೇನೋ, ಸ್ಟವ್ ಹೇಗೆ ಸಿಡಿಯಿತು ಅಂತ ಒಮ್ಮೆಯೂ ಕೇಳದೆ.

ನಿಮ್ಮ ಪತ್ರ ಬಂದ ದಿನ ನಮ್ಮ ಪುಟದಲ್ಲಿದ್ದ ಆ ಸಿಸಿಟಿವಿ ವಿಡಿಯೊ ತೆಗೆಸಿದೆ. ಕೊಡಗಿನ ವರದಿಗಾರರಿಗೆ ಫೋನ್ ಮಾಡಿ, ಇನ್ನು ಮುಂದೆ ಆ ಕೇಸಿನ ವಿಚಾರಣೆಯ ಪ್ರತಿ ದಿನಾಂಕಕ್ಕೂ ಕೋರ್ಟಿಗೆ ಹೋಗಿ ಎಂದು ಹೇಳಿದ್ದೇನೆ.