ಅಜ್ಜಿಯ ನೆಲಬೇವು ಫೇಲಾಯಿತೆ?

ಬಸವನಗುಡಿಯ ಓದುಗರೊಬ್ಬರ ಪತ್ರ: ‘ಬಿ.ಎಸ್ಸಿ. ಓದುವ ಮಗಳು ಪ್ರಾಜೆಕ್ಟಿಗೆಂದು ನಮ್ಮ ಕುಂಡದ ದೊಡ್ಡಪತ್ರೆಯನ್ನೂ ಗ್ರಂಧಿಗೆ ಅಂಗಡಿಯಿಂದ ತಂದ ನೆಲಬೇವನ್ನೂ ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸಿದಳು. ದೊಡ್ಡಪತ್ರೆಗೆ ಸ್ಟ್ಯಾಫಿಲೊಕಾಕಸ್ ತಟ್ಟೆಯಲ್ಲಿ 14 ಮಿ.ಮೀ. ವೃತ್ತ ಬಂತು, ಇ. ಕೋಲಿ ತಟ್ಟೆಯಲ್ಲಿ ಏನೂ ಇಲ್ಲ. ನೆಲಬೇವಿಗೆ ಎರಡರಲ್ಲೂ ಸೊನ್ನೆ. ನಲವತ್ತು ವರ್ಷದಿಂದ ಜ್ವರಕ್ಕೆ ನೆಲಬೇವಿನ ಕಷಾಯ ಕಾಸುತ್ತ ಬಂದ ನಮ್ಮತ್ತೆ ಎರಡು ದಿನ ಮಾತು ಬಿಟ್ಟರು. ಕಳೆದ ತಿಂಗಳು ನೀವೇ “ದೊಡ್ಡಪತ್ರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ” ಎಂದು ಅಚ್ಚು ಹಾಕಿದ್ದಿರಿ. ಯಾವುದನ್ನು ನಂಬುವುದು?’

ಆ ತಲೆಬರಹ ಕೊಟ್ಟವನು ನಾನೇ. ಪುಟದ ಮೂಲೆಯಲ್ಲಿ ಎರಡಿಂಚು ಜಾಗ ಉಳಿದಿತ್ತು, ‘ಕೊಲ್ಲುತ್ತದೆ’ ಎಂಬ ಮಾತು ಅಲ್ಲಿ ಚೆನ್ನಾಗಿ ಕೂತಿತು. ತಪ್ಪು. ತಿಳಿ ವೃತ್ತ ಹೇಳುವುದು ಅಲ್ಲಿ ಬೆಳವಣಿಗೆ ನಿಂತಿದೆ ಎಂದಷ್ಟೆ. ಸತ್ತಿವೆಯೋ ಸುಮ್ಮನಿವೆಯೋ ತಿಳಿಯಲು ಆ ಜಾಗದಿಂದ ಚೂರು ತೆಗೆದು ಹೊಸ ತಟ್ಟೆಗೆ ಬಳಿದು ನೋಡಬೇಕು.

ಇನ್ನು ನಿಮ್ಮ ಮಗಳ ನೋಟ್‌ಬುಕ್ ಪುಟ. ಅಕ್ಷರ ಚೆಂದ, ಲೆಕ್ಕವೂ ಸರಿ. ಆದರೆ ಒಂದು ಲೆಕ್ಕ ಮಾಡದೆ ಬಿಟ್ಟಿದ್ದಾಳೆ. ಮಿಲಿಲೀಟರಿಗೆ 100 ಮಿಲಿಗ್ರಾಂ ಸಾರ ಕರಗಿಸಿ, ಆಗರ್‌ ಎಂಬ ಜೆಲ್ಲಿಯಲ್ಲಿ ಕೊರೆದ ಬಾವಿಗೆ 100 ಮೈಕ್ರೊಲೀಟರ್ ಸುರಿದಿದ್ದಾಳೆ. ಅಂದರೆ ಬಾವಿಯೊಳಗೆ 10 ಮಿಲಿಗ್ರಾಂ. ಪಕ್ಕದಲ್ಲಿ ಹೋಲಿಕೆಗೆ ಇಟ್ಟ ಆಂಟಿಬಯಾಟಿಕ್ ಸಿಪ್ರೊಫ್ಲಾಕ್ಸಸಿನ್ ಬಿಲ್ಲೆಯಲ್ಲಿ ಇರುವುದು 5 ಮೈಕ್ರೊಗ್ರಾಂ. ಎರಡು ಸಾವಿರ ಪಟ್ಟು ಹೆಚ್ಚು ಸುರಿದು 14 ಮಿ.ಮೀ. ಪಡೆದಿದ್ದಾಳೆ, ಅದರಲ್ಲೂ 6 ಮಿ.ಮೀ. ಬಾವಿಯದೇ ಅಗಲ! ಸಾರ ಕರಗಿಸಿದ ದ್ರಾವಕ ಡಿಎಂಎಸ್‌ಒ ಒಂದನ್ನೇ ಸುರಿದ ಬಾವಿಯೂ ಪುಟದಲ್ಲಿ ಕಾಣಲಿಲ್ಲ. ಅದಿಲ್ಲದಿದ್ದರೆ ವೃತ್ತ ಯಾರದ್ದು ಎಂದು ಹೇಗೆ ಹೇಳುವುದು? ಹುಳಿ ನಿಂಬೆರಸ ಸುರಿದರೂ ಬ್ಯಾಕ್ಟೀರಿಯಾ ಹಿಂದೆ ಸರಿದಾವು.

ವೃತ್ತದ ಅಗಲವನ್ನು ಮದ್ದಿನ ಶಕ್ತಿ ಎಂದು ಓದುವುದು ಈ ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ. ಆಗರ್ ಎಂದರೆ ಬಹುಪಾಲು ನೀರು. ನೀರಿಗೆ ಒಗ್ಗುವ ಪದಾರ್ಥ ದೂರ ಹರಡುತ್ತದೆ, ಎಣ್ಣೆಗೆ ಒಗ್ಗುವಂಥದ್ದು ಬಾವಿಯ ಅಂಚಿನಲ್ಲೇ ಕೂರುತ್ತದೆ. ಅರಿಶಿನದ ಕರ್ಕ್ಯುಮಿನ್ ಹಾಗೆಯೇ: ಬಿಳಿ ಪಂಚೆಗೆ ಅಂಟಿದರೆ ಬಿಡದು, ಆಗರ್‌ನಲ್ಲಿ ಮಾತ್ರ ಮುಂದಕ್ಕೆ ಹೋಗದು. ಹಾಗಾಗಿ ಎರಡು ಗಿಡಗಳಲ್ಲಿ ಯಾವುದು ಮೇಲು ಎಂದು ಸ್ಕೇಲು ಹಿಡಿದು ತೀರ್ಮಾನಿಸುವಂತಿಲ್ಲ. ಸಾರವನ್ನು ಅರ್ಧ, ಅದರರ್ಧ, ಮತ್ತೂ ಅರ್ಧ ತೆಳುಮಾಡುತ್ತ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಎಷ್ಟಕ್ಕೆ ಬೆಳವಣಿಗೆ ನಿಲ್ಲುತ್ತದೆಂದು ನೋಡುವ ಎಂಐಸಿ ಪರೀಕ್ಷೆ ಆಗಬೇಕು. ಆ ಅಂಕಿ ಮಿಲಿಲೀಟರಿಗೆ 100 ಮೈಕ್ರೊಗ್ರಾಂಗಿಂತ ಕೆಳಗೆ ಬಂದರೆ ಪರಿಣತರು ತಲೆಯೆತ್ತಿ ನೋಡುತ್ತಾರೆ. ಮಿಲಿಗ್ರಾಂಗಳಲ್ಲೇ ಇದ್ದರೆ ಅಷ್ಟಕ್ಕಷ್ಟೆ. ಇ. ಕೋಲಿ ಬಗ್ಗದಿದ್ದುದರಲ್ಲಿ ಆಶ್ಚರ್ಯವಿಲ್ಲ, ಗ್ರಾಂ-ನೆಗೆಟಿವ್ ಜಾತಿಯ ಅದಕ್ಕೆ ಹೊರಗೊಂದು ಪೊರೆ ಹೆಚ್ಚಿಗೆ ಇದೆ.

ಅಜ್ಜಿ ದೊಡ್ಡಪತ್ರೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ನೆಕ್ಕಿಸುತ್ತಾರೆ, ಅಲ್ಲವೆ? ಮೊಮ್ಮಗಳು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್‌ ಉಪಕರಣದಲ್ಲಿ ಮೆಥನಾಲ್ ದ್ರಾವಕದ ಜತೆ ಗಂಟೆಗಟ್ಟಲೆ ಕಾಯಿಸಿದ್ದಾಳೆ. ಆ ಎಲೆಯ ಘಾಟು ಕಾರ್ವಕ್ರಾಲ್, ಥೈಮಾಲ್‌ಗಳದ್ದು. ಓಮದಲ್ಲಿ ಮೂಗಿಗೆ ಹೊಡೆಯುವುದೂ ಥೈಮಾಲೇ. ಬ್ಯಾಕ್ಟೀರಿಯಾಕ್ಕೆ ಆಗದ ವಸ್ತುಗಳು ಇವು, ಆದರೆ ಕಾಯಿಸಿದರೆ ಆವಿಯಾಗಿ ಹೋಗುವಂಥವೂ ಹೌದು. ಹಾಗಾಗಿ ಆಕೆಯ ಬಾವಿಯಲ್ಲಿದ್ದದ್ದು ಅಜ್ಜಿಯ ರಸವಲ್ಲ. ಚೀನಾದ ವಿಜ್ಞಾನಿ ಟು ಯುಯು ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ ಹಳೆಯ ಚೀನೀ ವೈದ್ಯಗ್ರಂಥದಲ್ಲಿ ಕಂಡದ್ದು ಗಿಡವೊಂದನ್ನು ‘ನೀರಲ್ಲಿ ನೆನೆಸಿ ಹಿಂಡಿ ಕುಡಿ’ ಎಂದು, ಕುದಿಸೆಂದಲ್ಲ. 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದ ಮೇಲೆಯೇ ಕೆಲಸ ಕೈಗೂಡಿತು. ಹಾಗೆ ಸಿಕ್ಕ ಮದ್ದು ಆರ್ಟೆಮಿಸಿನಿನ್‌ಗೆ 2015ರಲ್ಲಿ ನೊಬೆಲ್ ಬಂತು.

ನೆಲಬೇವಿನ ಸೊನ್ನೆಗೆ ಬರೋಣ. ಜ್ವರದ ಕಷಾಯ ಬ್ಯಾಕ್ಟೀರಿಯಾ ನಿಲ್ಲಿಸಲೇಬೇಕೆಂದು ಯಾರು ಹೇಳಿದರು? ನೆಗಡಿ ಜತೆಗಿನ ಜ್ವರಗಳಲ್ಲಿ ಬಹುಪಾಲು ವೈರಸ್ಸಿನವು. ತಟ್ಟೆಯಲ್ಲಿ ವೈರಸ್ಸೂ ಇಲ್ಲ, ರಕ್ತವೂ ಇಲ್ಲ, ಜ್ವರ ಬಂದ ಮನುಷ್ಯನಂತೂ ಇಲ್ಲ. ಹಾಗೆಂದು ಅತ್ತೆಯವರು ಗೆದ್ದರು ಅಂತಲೂ ಅಲ್ಲ. ಮನುಷ್ಯರ ಮೇಲಿನ ಪರೀಕ್ಷೆಗೆ ಕೇಳಬೇಕಾದ ಪ್ರಶ್ನೆಯನ್ನು ತಟ್ಟೆಗೆ ಕೇಳಿದರೆ ಅದೇನು ಹೇಳೀತು? ಜ್ವರ ಮೂರು ದಿನ ದಾಟಿದರೆ ಡಾಕ್ಟರ ಬಳಿ ಹೋಗಿ, ಬರೆದುಕೊಟ್ಟ ಆಂಟಿಬಯಾಟಿಕ್‌ನ ಬದಲು ಕಷಾಯ ಕುಡಿಯಬೇಡಿ.

ಅಂಗಡಿಯಲ್ಲಿ ಕೊಟ್ಟದ್ದು ನೆಲಬೇವೇ ಹೌದೆ? ನೆಲಬೇವು ಕಿರಾತಕಡ್ಡಿ ಎಂಬ ಬೇರೊಂದು ಗಿಡದ ಹೆಸರಲ್ಲೂ ಮಾರಾಟವಾಗುವುದುಂಟು. ಒಣಗಿದ ಮೇಲೆ ಎರಡೂ ಕಡ್ಡಿ, ಎರಡೂ ಕಹಿ. ಹೂವಿರುವ ರೆಂಬೆಯನ್ನೇ ಒತ್ತಿ ಒಣಗಿಸಿ, ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹದಲ್ಲಿ) ಗುರುತು ಹಿಡಿಸಿ, ನಮೂನೆ ಸಂಖ್ಯೆ ಬರೆದಿಡಬೇಕು. ಯಲಹಂಕದ ಹತ್ತಿರ ಜಾರಕಬಂಡೆ ಕಾವಲಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯಲ್ಲಿ ಔಷಧಿ ಸಸ್ಯಗಳದ್ದೇ ಹರ್ಬೇರಿಯಂ ಇದೆ. ಬಸವನಗುಡಿಯಿಂದ ದೂರವೇ ಸರಿ, ಹೆಬ್ಬಾಳದ ಟ್ರಾಫಿಕ್ಕಿಗೆ ಮುಂಚೆ ಹೊರಡಿ.

ಸೊನ್ನೆ ಬಂದ ಸಾಲನ್ನು ವರದಿಯಿಂದ ತೆಗೆಯಬೇಡ ಎಂದು ಮಗಳಿಗೆ ಹೇಳಿ. ಎರಡನೇ ಸುತ್ತಿಗೆ ಎಲೆ ಬಾಡಿಸುವ ಕೆಲಸ ಅತ್ತೆಯವರೇ ವಹಿಸಿಕೊಂಡರೆ ಇನ್ನೂ ಒಳ್ಳೆಯದು. ಅವರು ಎಷ್ಟು ಎಲೆಗೆ ಎಷ್ಟು ರಸ ತೆಗೆಯುತ್ತಾರೆ, ಎಷ್ಟು ಹೊತ್ತು ಬಾಡಿಸುತ್ತಾರೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಮೊದಲು ಬರೆದುಕೊಳ್ಳಲಿ. ತಲೆಬರಹದ ತಿದ್ದುಪಡಿ ಇದೇ ಸಂಚಿಕೆಯ ಮೂರನೇ ಪುಟದಲ್ಲಿದೆ.

– ಸಂ.