ಭಾವ ಯಾಮಾರಿದ್ದು, ಅಮ್ಮ ಯಾಮಾರದ್ದು

ಶಿವಮೊಗ್ಗದ ಓದುಗರೊಬ್ಬರ ಪತ್ರ: "ನಮ್ಮ ಭಾವ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಹೋದ ತಿಂಗಳು ಪೊಲೀಸರ ಹೆಸರಲ್ಲಿ ಫೋನ್ ಮಾಡಿ, ‘ಡಿಜಿಟಲ್ ಅರೆಸ್ಟ್’ ಆಗಿದೆ, ಅಂದರೆ ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸಿ ಅವರಿಂದ 18 ಲಕ್ಷ ಕಿತ್ತುಕೊಂಡರು. ಮೂರು ದಿನ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದರು, ಅಕ್ಕನಿಗೂ ಹೇಳಲಿಲ್ಲ. ನಮ್ಮ ಅಮ್ಮ ಓದಿದ್ದು ನಾಲ್ಕನೇ ಕ್ಲಾಸ್. ಇಂಥದೇ ಫೋನ್ ಬಂದಾಗ ‘ಮಗ ಬರ್ಲಿ, ಕೇಳಿ ಹೇಳ್ತೀನಿ’ ಅಂತ ಇಟ್ಟುಬಿಟ್ಟರು. ಹೇಳೋರು ಹೇಳಿದ್ರೆ ಕೇಳೋರಿಗೆ ಬುದ್ಧಿ ಬೇಡ್ವಾ? ಕೆಲವರು ಯಾಕೆ ಇಷ್ಟು ಸುಲಭವಾಗಿ ನಂಬುತ್ತಾರೆ? ಈಗ ಭಾವ ಇನ್ಮೇಲೆ ಯಾರನ್ನೂ ನಂಬಲ್ಲ ಅಂತಿದ್ದಾರೆ."

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮೊದಲು ನನಗೇ ನಾಚಿಕೆ ಆಯಿತು. "ಕರೆಂಟ್ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9.30ಕ್ಕೆ ಲೈನ್ ಕಟ್" ಅನ್ನುವ ಮೆಸೇಜು ನಿಮಗೂ ಬಂದಿರಬಹುದು. ಅದರ ಬಗ್ಗೆ ನಮ್ಮಲ್ಲೇ ಒಂದು ಲೇಖನ ತಿದ್ದಿ ಪ್ರೆಸ್ಸಿಗೆ ಕಳಿಸಿದ್ದೆ. ಅದೇ ವಾರ ನನ್ನ ಫೋನಿಗೂ ಆ ಮೆಸೇಜು ಬಂತು. ನಾನು ಏನು ಮಾಡಿದೆ ಗೊತ್ತಾ? ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯವನು ಅದ್ಯಾವುದೋ ಆ್ಯಪ್ ಹಾಕಿಕೊಳ್ಳಿ ಅಂತ ಹೇಳುತ್ತಿದ್ದ, ನಾನು ಹೂಂ ಹೂಂ ಅನ್ನುತ್ತಿದ್ದೆ. ಅಡುಗೆಮನೆಯಿಂದ ಹೆಂಡತಿ ಕೇಳಿದಳು, "ಬಿಲ್ ಮೊನ್ನೆನೇ ಕಟ್ಟಿದೀನಲ್ಲ, ಯಾರ ಹತ್ರ ಮಾತಾಡ್ತಿದೀರಿ?" ನಾನು ಉಳಿದುಕೊಂಡಿದ್ದು ಆ ಒಂದು ಪ್ರಶ್ನೆಯಿಂದ. ನನ್ನ ಬುದ್ಧಿಯಿಂದ ಖಂಡಿತ ಅಲ್ಲ.

ನನಗಿಂತ ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. ಸ್ಟೀಫನ್ ಗ್ರೀನ್‌ಸ್ಪಾನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು. ಜನ ಯಾಕೆ ಯಾಮಾರುತ್ತಾರೆ ಅನ್ನುವುದೇ ಅವರ ಅಧ್ಯಯನ. ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅದು ಹೊರಬರುವ ಹೊತ್ತಿಗೆ, 2008ರ ಡಿಸೆಂಬರ್‌ನಲ್ಲಿ, ಬರ್ನಾರ್ಡ್ ಮೇಡಾಫ್ ಎಂಬ ನ್ಯೂಯಾರ್ಕಿನ ಹಣಕಾಸು ಕುಳ ಸಿಕ್ಕಿಬಿದ್ದ. ಹೊಸಬರ ದುಡ್ಡು ತೆಗೆದು ಹಳಬರಿಗೆ ಕೊಡುವ ಹಳೇ ಆಟ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಸುಮಾರು 6,500 ಕೋಟಿ ಡಾಲರ್. ಆ ಗುಂಡಿಗೆ ಬಿದ್ದವರಲ್ಲಿ ಗ್ರೀನ್‌ಸ್ಪಾನ್ ಕೂಡ ಒಬ್ಬರು! ನಿವೃತ್ತಿಗೆ ಅಂತ ಕೂಡಿಟ್ಟಿದ್ದರಲ್ಲಿ ದೊಡ್ಡ ಪಾಲು ಹೋಯಿತು.

ಅವರು ಮುಚ್ಚಿಡಲಿಲ್ಲ. ಮರು ತಿಂಗಳೇ ಪತ್ರಿಕೆಯಲ್ಲಿ ಬರೆದರು. ಹಣಕಾಸಿನ ವಿಷಯ ತನಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳಲು ಸೋಮಾರಿತನ. ಸಹೋದರಿಯ ಕಡೆಯವರು ದುಡ್ಡು ಹಾಕಿದ್ದರು. ಬೇಡ ಎಂದ ಸ್ನೇಹಿತನ ಮಾತನ್ನು ‘ಇವನಿಗೆ ಎಲ್ಲದರಲ್ಲೂ ಅನುಮಾನ’ ಅಂತ ತಳ್ಳಿಹಾಕಿದರು. ಯಾಮಾರುವುದಕ್ಕೆ ನಾಲ್ಕು ಕಾರಣ ಸೇರಬೇಕು ಅನ್ನುವುದು ಅವರ ವಾದ: ಆ ಹೊತ್ತಿನ ಸನ್ನಿವೇಶ, ತಿಳಿವಳಿಕೆ, ಸ್ವಭಾವ, ಮನಸ್ಸಿನ ಸ್ಥಿತಿ. ನಾವೆಲ್ಲ ‘ಬುದ್ಧಿ’ ಅನ್ನುವುದು ಆ ನಾಲ್ಕರಲ್ಲಿ ಬರೀ ಒಂದರ ಒಳಗೆ ಬರುತ್ತದೆ.

ಈಗ ನಿಮ್ಮ ಭಾವನವರ ಕಥೆಗೆ ಬರೋಣ. ಈ ಮೋಸ ಸಾಮಾನ್ಯವಾಗಿ ನಡೆಯುವುದು ಹೀಗೆ. ನಿಮ್ಮ ಹೆಸರಲ್ಲಿ ಪಾರ್ಸೆಲ್ ಬಂದಿದೆ, ಒಳಗೆ ಡ್ರಗ್ಸ್ ಇದೆ ಅಂತ ಮೊದಲು ಕೊರಿಯರ್‌ನವನ ಫೋನ್. ಅವನು ಮುಂಬೈ ಪೊಲೀಸರಿಗೆ ಲೈನ್ ಕೊಡುತ್ತಾನೆ. ಆ ‘ಪೊಲೀಸ್’ ಸಿಬಿಐ ಸಾಹೇಬರಿಗೆ ದಾಟಿಸುತ್ತಾನೆ. ಬ್ರಾಹ್ಮಣ ಹೆಗಲ ಮೇಲೆ ಹೋತ ಹೊತ್ತು ಬರುವಾಗ ಮೂವರು ಕಳ್ಳರು ಒಬ್ಬರಾದ ಮೇಲೊಬ್ಬರು ಸಿಕ್ಕಿ "ಏನ್ ಸ್ವಾಮಿ, ನಾಯಿ ಹೊತ್ಕೊಂಡು ಹೊರಟ್ರಿ" ಅನ್ನುವ ಕಥೆ ನೆನಪಿದೆ ಅಲ್ವಾ? ಒಬ್ಬನೇ ಹೇಳಿದ್ದರೆ ಅವನು ನಗುತ್ತಿದ್ದ. ಮೂರನೆಯವನು ಹೇಳಿದಾಗ ಹೋತವನ್ನು ಇಳಿಸಿ ಓಡಿದ. ಇಲ್ಲೂ ಅಷ್ಟೇ. ಹೆಗಲ ಮೇಲಿನ ಹೋತದ ಬದಲು ಎಫ್‌ಡಿ.

ಇನ್ನೊಂದು ವಿಷಯ ನೋಡಿ. ‘ಹಣದ ಅಕ್ರಮ ವರ್ಗಾವಣೆ’, ‘ಖಾತೆ ಫ್ರೀಜ್’, ‘ಪರಿಶೀಲನೆಗೆ ದುಡ್ಡು ಹಾಕಿ, ವಾಪಸ್ ಬರುತ್ತೆ’. ಈ ಮಾತುಗಳಿಗೆ ಅರ್ಥ ಇರುವುದು ಬ್ಯಾಂಕಿನವರಿಗೆ. ಇಡೀ ಸರ್ವೀಸಿನಲ್ಲಿ ಮೇಲಿನ ಆಫೀಸಿನಿಂದ ಪತ್ರ ಬಂದರೆ ಅದರಂತೆ ನಡೆದವರು, ಇನ್‌ಸ್ಪೆಕ್ಷನ್ ಅಂದರೆ ರಾತ್ರಿ ನಿದ್ದೆ ಬಿಟ್ಟವರು. ಅವರ ತಿಳಿವಳಿಕೆಯನ್ನೇ ಕಳ್ಳರು ಹಗ್ಗ ಮಾಡಿಕೊಂಡರು. ನಿಮ್ಮ ಅಮ್ಮನಿಗೆ ಆ ಪದಗಳು ತಲೆ ಮೇಲೆ ಹಾರಿಹೋಗಿರಬೇಕು. ಗೊತ್ತಿಲ್ಲದ ಪದಕ್ಕೆ ಹೆದರುವುದು ಹೇಗೆ? ಹಾಗಂತ ಅಮ್ಮ ಎಲ್ಲಾ ಕಡೆ ಗಟ್ಟಿ ಅಂದುಕೊಳ್ಳಬೇಡಿ. ಗುರುತಿನವರು, ನೆಂಟರು ಯಾರಾದರೂ ಬಂದು ‘ಚೀಟಿ ಹಾಕಿ, ನಾನಿದೀನಿ’ ಅಂದರೆ ಅವರೂ ಸೆರಗಿನ ಗಂಟು ಬಿಚ್ಚಬಹುದು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿ ಬಾಗಿಲು ಹಾಕಿದಾಗ ದೂರು ಕೊಡಲು ಸಾವಿರಾರು ಜನ ಬಂದರು. ಇದು ಬಡ್ಡಿ ಅಲ್ಲ, ಇಸ್ಲಾಂ ಧರ್ಮಕ್ಕೆ ಒಪ್ಪುವ ಲಾಭದ ಪಾಲು ಅನ್ನುವ ಭರವಸೆ ಅಲ್ಲಿತ್ತು. ವರ್ಷಗಟ್ಟಲೆ ತಿಂಗಳು ತಿಂಗಳು ದುಡ್ಡೂ ಬಂದಿತ್ತು. ಕೈಗೆ ಬಂದ ದುಡ್ಡಿಗಿಂತ ದೊಡ್ಡ ಸಾಕ್ಷಿ ಯಾವುದು ಹೇಳಿ?

ವಯಸ್ಸಿನ ಮಾತು ನೀವು ಎತ್ತಿಲ್ಲ, ಆದರೂ ಒಂದು ಮಾತು. ‘ಲೈಕ್ ಒತ್ತಿ, ಮನೆಯಲ್ಲೇ ಸಂಪಾದಿಸಿ’ ಅನ್ನುವ ಬಲೆಗೆ ಬೀಳುವವರಲ್ಲಿ ಹುಡುಗರೂ ಇದ್ದಾರೆ. ಮೊದಲು ನೂರಿನ್ನೂರು ನಿಜವಾಗಲೂ ಖಾತೆಗೆ ಬರುತ್ತದೆ.

ಭಾವ ಯಾರನ್ನೂ ನಂಬಲ್ಲ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನನಗೆ ಹೆಚ್ಚು ಚಿಂತೆ ಆಗಿದ್ದು ಅದಕ್ಕೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1980ರಲ್ಲಿ ಒಂದು ಪ್ರಬಂಧ ಬರೆದರು. ಬೇರೆಯವರನ್ನು ನಂಬುವವರು, ನಂಬದವರಿಗಿಂತ ಹೆಚ್ಚು ಯಾಮಾರುತ್ತಾರೆ ಅನ್ನಲು ಆಧಾರ ಇಲ್ಲ ಅನ್ನುವುದು ಅದರ ಸಾರ. ಜಪಾನಿನ ಮನಶ್ಶಾಸ್ತ್ರಜ್ಞ ತೋಶಿಯೋ ಯಮಗಿಶಿ ಇನ್ನೂ ಮುಂದೆ ಹೋದರು. ನಂಬುವ ಸ್ವಭಾವದವರೇ ಎದುರಿನವರ ಮೋಸದ ಸುಳಿವನ್ನು ಚೆನ್ನಾಗಿ ಗಮನಿಸುತ್ತಾರೆ ಅಂದರು. ಯೋಚಿಸಿದರೆ ಸರಿ ಅನಿಸುತ್ತದೆ. ಹತ್ತು ಜನರ ಜೊತೆ ವ್ಯವಹರಿಸಿದವರಿಗೆ ತಾನೇ ಮುಖ ಓದುವ ಅಭ್ಯಾಸ ಆಗುವುದು? ಬಾಗಿಲು ಹಾಕಿಕೊಂಡು ಕೂತವರಿಗೆ ಅದು ಬರುವುದಿಲ್ಲ. ಕಳ್ಳರು ಕೂಡ ಮೊದಲು ಮಾಡಿಸಿದ್ದು ಅದನ್ನೇ: "ರೂಮಿನ ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ." ಅಮ್ಮ ಉಳಿದಿದ್ದು ಸಂಶಯದಿಂದ ಅಲ್ಲ. ನಿಮ್ಮನ್ನು ನಂಬಿದ್ದರು, ಅದಕ್ಕೇ "ಮಗ ಬರ್ಲಿ" ಅಂದರು.

ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಅನ್ನುವುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಇದನ್ನು ಹೇಳುವಾಗ ಕೇಳಿಸಿದ ಫೋನ್ ಸಂಭಾಷಣೆ ನಮ್ಮ ವಿಜಯಪುರದವರೊಬ್ಬರು ಕಳ್ಳನ ಜೊತೆ ಆಡಿದ್ದೇ. ಭಾವನವರು ದೂರು ಕೊಟ್ಟಿದ್ದಾರೋ ಇಲ್ಲವೋ ನೀವು ಬರೆದಿಲ್ಲ. ಕೊಟ್ಟಿಲ್ಲ ಅಂದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ತಡವಾದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತದೆ. ಮತ್ತೆ ದಯವಿಟ್ಟು "ಬ್ಯಾಂಕಲ್ಲಿದ್ದವರು ನೀವು ಹೇಗೆ ನಂಬಿದ್ರಿ?" ಅಂತ ಕೇಳಬೇಡಿ. ಊರೆಲ್ಲ ಈಗಾಗಲೇ ಕೇಳಿರುತ್ತದೆ. ಅವರು ಒಪ್ಪಿದರೆ, ಯಾರು ಯಾವಾಗ ಲೈನಿಗೆ ಬಂದರು, ಏನೇನು ಹೇಳಿದರು ಅಂತ ಎರಡು ಪುಟ ಬರೆಸಿ ಕಳಿಸಿ. ಹೆಸರು ಹಾಕುವುದಿಲ್ಲ. ಪಕ್ಕದಲ್ಲೇ ನನ್ನ ಕರೆಂಟ್ ಬಿಲ್ಲಿನ ಕಥೆಯನ್ನು ನನ್ನ ಹೆಸರಲ್ಲೇ ಹಾಕುತ್ತೇನೆ ಅಂತ ಅವರಿಗೆ ತಿಳಿಸಿ.