‘ಸಮದ್’ ಅಂದರೆ ಏನು ಅಂತ ಕೇಳಿದೆ

ಮನೆಯ ಹಿರಿಯ ಮಗ ಎದೆ ಹಿಡಿದುಕೊಂಡು ಬರುವುದು ನನಗೆ ಹೊಸದಲ್ಲ. ಇಸಿಜಿ ಸರಿ ಇರುತ್ತದೆ, ಎಕೋ ಸರಿ ಇರುತ್ತದೆ. ಹೃದಯದ ಡಾಕ್ಟರು ‘ಒಂದ್ಸಲ ಕೌನ್ಸೆಲಿಂಗ್‌ಗೆ ಹೋಗಿ ಬನ್ನಿ’ ಅಂತ ಚೀಟಿ ಬರೆದು ಕಳಿಸಿರುತ್ತಾರೆ. ಎಲ್ಲ ಜಾತಿಯವರೂ ಬರುತ್ತಾರೆ, ಕಥೆ ಮಾತ್ರ ಹೆಚ್ಚುಕಡಿಮೆ ಒಂದೇ. ತಮ್ಮನ ಸಾಲಕ್ಕೆ ಜಾಮೀನು, ತಂಗಿ ಮನೆಯ ಬಾಡಿಗೆ, ಸೋದರಳಿಯನ ಫೀಸು. ‘ಆಗಲ್ಲ ಅನ್ನೋದನ್ನ ಕಲಿಯಿರಿ’ ಅಂತ ಹೇಳಿ ಹೇಳಿ ನನಗೇ ಬೇಜಾರಾಗಿದೆ. ಯಾರೂ ಕಲಿಯುವುದಿಲ್ಲ. ಈ ಪ್ರಕರಣವನ್ನು ಬರೆಯಲು ಕಾರಣ ಬೇರೆ. ಇದರಲ್ಲಿ ನಾನು ಎರಡು ಸಲ ಎಡವಿದೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಮನೆಯವರೆಲ್ಲ ಅವರನ್ನು ಬಡೇ ಭಾಯ್ ಅನ್ನುತ್ತಾರೆ. ನಾನೂ ಇಲ್ಲಿ ಹಾಗೇ ಅನ್ನುತ್ತೇನೆ. ವಯಸ್ಸು 40 ದಾಟಿದೆ. ಜೆ.ಸಿ. ರಸ್ತೆ ಕಡೆ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ಮನೆಯಲ್ಲಿ ದಖನಿ ಮಾತು, ಅಂಗಡಿಯಲ್ಲಿ ನಮ್ಮೆಲ್ಲರ ಹಾಗೆ ಬೆಂಗಳೂರು ಕನ್ನಡ. ಅಬ್ಬಾ ತೀರಿಕೊಂಡಾಗ ಇವರಿಗೆ 19. ಅಲ್ಲಿಂದ ಇಲ್ಲಿವರೆಗೆ ಇಬ್ಬರು ತಂಗಿಯರ ಮದುವೆ, ಒಬ್ಬ ತಮ್ಮನ ಎರಡು ವ್ಯಾಪಾರ, ಆ ಎರಡೂ ಮುಳುಗಿದ ಮೇಲಿನ ಸಾಲ, ಎಲ್ಲ ಇವರ ಹೆಗಲ ಮೇಲೆ. ಕೊನೆಯ ತಂಗಿಯ ಮದುವೆಗೆ ಬಡ್ಡಿಗೆ ದುಡ್ಡು ತಂದಿದ್ದರು. ಬಡ್ಡಿ ಅವರ ಧರ್ಮದಲ್ಲಿ ಹರಾಮ್. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ, ಬೆವರು, ಎದೆ ಬಿಗಿತ.

ಮೊದಲ ಭೇಟಿಯಲ್ಲೇ ನನ್ನ ಮೊದಲ ತಪ್ಪು. ಅವರು ದೇವರ ಬಗ್ಗೆ ಏನೋ ಹೇಳುತ್ತಿದ್ದರು. ನಾನು ಹತ್ತಿರವಾಗೋಣ ಅಂತ, ‘ಅದೇ ಅಲ್ವಾ, ದೇವನೊಬ್ಬ ನಾಮ ಹಲವು’ ಅಂದೆ. ‘ಹೌದು ಮೇಡಂ’ ಅಂದರು. ಮರ್ಯಾದೆಗೆ ಅಂದ ಹೌದು ಅದು. ಆಮೇಲೆ ಮೂರು ಭೇಟಿ ದೇವರ ಮಾತೇ ಎತ್ತಲಿಲ್ಲ. ಅವರು ನಂಬುವುದು ಬೇರೆ ಮಾತು ಅಂತ ನನಗೆ ತಡವಾಗಿ ತಿಳಿಯಿತು. ಅಲ್ಲಾಹನಿಗೂ 99 ಹೆಸರು ಹೇಳುತ್ತಾರೆ, ಹಾಗಾಗಿ ನಾಮ ಹಲವು ಅನ್ನುವುದಲ್ಲ ಜಗಳ. ತೌಹೀದ್ ಅಂದರೆ ಆ ಜಾಗದಲ್ಲಿ ಇನ್ನು ಯಾರನ್ನೂ, ಯಾವುದನ್ನೂ ಕೂರಿಸಬಾರದು ಅನ್ನುವುದು. ಕೂರಿಸಿದರೆ ಅದು ಶಿರ್ಕ್, ಎಲ್ಲಕ್ಕಿಂತ ದೊಡ್ಡ ಪಾಪ. ನಾನು ಸ್ನೇಹಕ್ಕೆ ಆಡಿದ ಮಾತಿನಲ್ಲಿ ಅವರ ನಂಬಿಕೆಯ ಆ ಮುಖ್ಯ ಭಾಗವೇ ಅಳಿಸಿಹೋಗಿತ್ತು.

ಎರಡನೇ ತಪ್ಪು ಜಾಣತನದ್ದು. ಎಲ್ಲೋ ಓದಿಕೊಂಡು ಬಂದು, ‘ನಿಮ್ಮ ಕಲಿಮಾ ಶುರುವಾಗೋದೇ ಲಾ ಅಂತ ಅಲ್ವಾ? ಲಾ ಅಂದ್ರೆ ಇಲ್ಲ. ದಿನಾ ಇಲ್ಲ ಅಂತ ಹೇಳೋ ನಿಮಗೆ ತಮ್ಮನಿಗೆ ಇಲ್ಲ ಅನ್ನೋದು ಯಾಕೆ ಕಷ್ಟ?’ ಅಂತ ಕೇಳಿದೆ. ಕಲಿಮಾ ಅಂದರೆ ಅಲ್ಲಾಹನ ಹೊರತು ಬೇರೆ ದೇವರಿಲ್ಲ ಅಂತ ಸಾರುವ ಅವರ ನಂಬಿಕೆಯ ಮಾತು. ಅವರು ನಕ್ಕರು. ‘ಆ ಲಾ ಸುಳ್ಳು ದೇವರುಗಳಿಗೆ ಹೇಳೋದು ಮೇಡಂ. ನನ್ನ ತಮ್ಮನಿಗಲ್ಲ.’ ನಾನು ತೆಪ್ಪಗಾದೆ.

ನಿಜವಾದ ಮಾತು ಬಂದದ್ದು ಐದನೇ ಭೇಟಿಯಲ್ಲಿ, ಅದೂ ನಾನು ಬೇರೇನೋ ಮಾಡಲು ಹೊರಟಾಗ. ಎದೆ ಬಿಗಿದಾಗ ಏನು ಮಾಡುತ್ತೀರಿ ಅಂತ ಕೇಳಿದ್ದೆ. ‘ಕುಲ್ ಹುವಲ್ಲಾಹು ಓದ್ತೀನಿ’ ಅಂದರು. ಕುರ್‌ಆನಿನ 112ನೇ ಅಧ್ಯಾಯ, ನಾಲ್ಕೇ ವಾಕ್ಯ, ಮಕ್ಕಳಿಗೂ ಬಾಯಿಪಾಠ. ಸರಿ, ಉಸಿರಾಟದ ಅಭ್ಯಾಸಕ್ಕೆ ಅದನ್ನೇ ಇಟ್ಟುಕೊಳ್ಳೋಣ ಅನ್ನಿಸಿತು. ಒಂದೊಂದು ವಾಕ್ಯಕ್ಕೆ ಒಂದೊಂದು ಉಸಿರು. ‘ನಿಧಾನಕ್ಕೆ ಹೇಳಿ, ಹಾಗೇ ಅರ್ಥವನ್ನೂ ಹೇಳಿ. ನನಗೆ ಗೊತ್ತಿಲ್ಲ’ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ.

ತೋರುಬೆರಳು ಎತ್ತಿದರು. ನಮಾಜಿನಲ್ಲಿ ಕೂತಾಗ ದೇವರು ಒಬ್ಬನೇ ಅನ್ನುವುದಕ್ಕೆ ಎತ್ತುವ ಬೆರಳು ಅದು. ‘ಅಹದ್ ಅಂದ್ರೆ ಒಬ್ಬ. ಹತ್ತರಲ್ಲಿ ಒಂದು ಅಂತ ಎಣಿಸ್ತೀವಲ್ಲ, ಆ ಒಂದಲ್ಲ. ಅವನ ಥರ ಇನ್ನೊಂದು ಇಲ್ವೇ ಇಲ್ಲ.’ ಆಮೇಲೆ ಎರಡನೇ ವಾಕ್ಯ, ಅಲ್ಲಾಹುಸ್ಸಮದ್. ಇಲ್ಲಿ ಕನ್ನಡ ಪದ ಸಿಗದೆ ಸ್ವಲ್ಪ ತಡಕಾಡಿದರು. ಕನ್ನಡ ಅನುವಾದದಲ್ಲಿ ‘ನಿರಪೇಕ್ಷ’ ಅಂತಿದೆ, ಆದರೆ ಅವರು ಅಂಗಡಿಯ ಕನ್ನಡದಲ್ಲೇ ಹೇಳಿದರು. ‘ಸಮದ್ ಅಂದ್ರೆ… ಎಲ್ಲರಿಗೂ ಅವನು ಬೇಕು. ಅವನಿಗೆ ಯಾರೂ ಬೇಕಾಗಿಲ್ಲ. ಎಲ್ಲರೂ ಕೇಳೋದು ಅವನ ಹತ್ರ, ಅವನು ಯಾರ ಹತ್ರಾನೂ ಕೇಳಲ್ಲ. ಅವನಿಗೆ ಊಟ ಬೇಡ, ನಿದ್ದೆ ಬೇಡ. ಸುಸ್ತಾಗಲ್ಲ ಅವನಿಗೆ.’

ಅಲ್ಲಿಗೆ ನಿಂತರು. ಬೆರಳು ಹಾಗೇ ಮೇಲಿತ್ತು. ಮೂರನೇ ವಾಕ್ಯ ಬರಲಿಲ್ಲ. ನಾನು ಬಾಯಿ ತೆರೆಯಲು ಹೋಗಿ ತಡೆದುಕೊಂಡೆ. ಈ ಕೆಲಸದಲ್ಲಿ ನನಗೆ ಅತಿ ಕಷ್ಟದ ವಿದ್ಯೆ ಅದು.

‘ನಮ್ಮನೇಲಿ ನನ್ನನ್ನ ಹಾಗೇ ಅಂದ್ಕೊಂಡಿದ್ದಾರೆ ಮೇಡಂ’ ಅಂದರು.

ಸ್ವಲ್ಪ ಹೊತ್ತು ಬಿಟ್ಟು, ‘ನಾನೂ ಹಾಗೇ ಅಂದ್ಕೊಂಡಿದ್ದೆ.’

ಮರುಗಳಿಗೆಗೆ ಮುಖ ಬಿಳಿಚಿಕೊಂಡಿತು. ‘ತೌಬಾ ತೌಬಾ’ ಅಂತ ಕೆನ್ನೆ ಮುಟ್ಟಿಕೊಂಡರು. ‘ಇದು ಶಿರ್ಕ್ ಆಯ್ತಾ ಮೇಡಂ? ಇಷ್ಟು ವರ್ಷ ನಾನು ಶಿರ್ಕ್ ಮಾಡ್ತಿದ್ನಾ?’

ಓದುವವರು ಇಲ್ಲಿ ಗಮನಿಸಬೇಕು. ಬೆಳಕು ಕಂಡ ಕ್ಷಣದಲ್ಲೇ ಹೊಸ ಅಪರಾಧಭಾವ ಹುಟ್ಟಿಕೊಳ್ಳುತ್ತದೆ. ಬಡ್ಡಿಯ ಪಾಪ ಒಂದು ಕಡೆ, ಈಗ ಇದೊಂದು. ‘ಅಯ್ಯೋ ಇಲ್ಲ, ಹಾಗೇನಿಲ್ಲ’ ಅಂತ ನಾನೇ ತೀರ್ಪು ಕೊಟ್ಟಿದ್ದರೆ ಅವರಿಗೆ ಸಮಾಧಾನ ಆಗುತ್ತಿರಲಿಲ್ಲ, ನನಗೆ ಆ ಅಧಿಕಾರವೂ ಇಲ್ಲ. ‘ಈ ಪ್ರಶ್ನೆಗೆ ಉತ್ತರ ಹೇಳೋರು ನಿಮ್ಮ ಮಸೀದಿಯ ಹಜ್ರತ್. ಬಡ್ಡಿ ವಿಷಯಾನೂ ಅವರ ಹತ್ರಾನೇ ಕೇಳಿ. ನಾನು ಕೇಳೋದು ಇಷ್ಟೇ. ಊಟ, ನಿದ್ದೆ ಬೇಕಾಗಿರೋ ಮನುಷ್ಯ ಇವತ್ತು ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ?’ ಅಂದೆ. ಹಜ್ರತ್ ಎಲ್ಲ ಕೇಳಿ, ಬಡ್ಡಿ ಸಾಲ ಮೊದಲು ತೀರಿಸು, ಹೊಸದು ಮಾಡಬೇಡ, ಮನೆಗೆ ಹೋಗಿ ಮಲಗು ಅಂದರಂತೆ. ನನ್ನ ಐದು ಭೇಟಿಯ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಿದರು.

ನಾನು ಕೊಟ್ಟ ಸಲಹೆ ಸಾಧಾರಣದ್ದೇ. ಸಾಲದ ಪೂರ್ತಿ ಲೆಕ್ಕ ಹೆಂಡತಿಗೆ ಹೇಳಬೇಕು. ಮೂರು ತಿಂಗಳು ಯಾವ ಕಾಗದಕ್ಕೂ ಜಾಮೀನು ಸಹಿ ಇಲ್ಲ. ಎದೆನೋವು ಎಂದಿನಂತಿಲ್ಲದೆ ಬೇರೆ ಥರ ಬಂದರೆ, ಇದು ಬರೀ ಗಾಬರಿ ಅಂತ ಕೂರದೆ ಸೀದಾ ಆಸ್ಪತ್ರೆಗೆ. ಕೊಡುವುದನ್ನು ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಹೆಂಡತಿ ಮಕ್ಕಳು ಮತ್ತು ಅಮ್ಮಿಯ ಖರ್ಚು ಒಂದು ಪುಟ, ಕೈಯಲ್ಲಿ ಉಳಿದರೆ ಕೊಡುವುದು ಒಂದು ಪುಟ, ‘ಬಡೇ ಭಾಯ್ ಅಂದ್ರೆ ಹೀಗಿರಬೇಕು’ ಅನ್ನಿಸಿಕೊಳ್ಳಲು ಕೊಟ್ಟದ್ದು ಇನ್ನೊಂದು ಪುಟ. ಮೂರನೇ ಪುಟ ಬೇಗ ತುಂಬಿತು. ಜನ ನೋಡಲಿ ಅಂತ ಮಾಡುವ ಒಳ್ಳೆಯ ಕೆಲಸಕ್ಕೆ ರಿಯಾ ಅನ್ನುತ್ತಾರೆ, ಅದನ್ನು ಪ್ರವಾದಿಯವರು ಸಣ್ಣ ಶಿರ್ಕ್ ಅಂದಿದ್ದಾರೆ ಅಂತ ಅವರೇ ಹೇಳಿದರು. ಈ ಸಲ ಹೆದರಿಕೊಂಡು ಹೇಳಲಿಲ್ಲ. ಇನ್ನೊಂದು ದಿನ ಜಕಾತ್, ಅಂದರೆ ಅವರ ಧರ್ಮದ ಕಡ್ಡಾಯ ದಾನ, ಪಡೆಯಬಹುದಾದ 8 ಬಗೆಯ ಜನರನ್ನು ಬೆರಳಲ್ಲಿ ಎಣಿಸುತ್ತಾ ಸಾಲಗಾರ ಅಂತ ಬಂದಾಗ ತಡೆದರು. ‘ನಾನು ಕೊಡೋರ ಲಿಸ್ಟಲ್ಲಿದ್ದೀನಿ ಅಂತಿದ್ದೆ’ ಅಂತ ಜೋರಾಗಿ ನಕ್ಕರು.

ನನ್ನದೇ ವೃತ್ತಿಯ ಗೆಳತಿಗೆ ಇದು ಹಿಡಿಸಲಿಲ್ಲ. ಕೌನ್ಸೆಲಿಂಗ್ ಕೋಣೆಯೊಳಗೆ ಧರ್ಮ ಯಾಕೆ ತಂದೆ ಅಂದಳು. ನಾನು ತರಲಿಲ್ಲ, ಅವರೇ ತಂದರು. ನಾನು ತಂದ ಎರಡು ಸಲವೂ ಏನಾಯಿತು ಅಂತ ಮೇಲೆ ಬರೆದಿದ್ದೇನಲ್ಲ. ದಿನಕ್ಕೆ ಐದು ಹೊತ್ತು ಒಂದು ಮಾತಿಗೆ ತಲೆಬಾಗುವ ಮನುಷ್ಯನಿಗೆ ಆ ಮಾತನ್ನು ಬಾಗಿಲಾಚೆ ಬಿಟ್ಟು ಬನ್ನಿ ಅನ್ನುವುದು ಯಾವ ನ್ಯಾಯ? ‘ಎಲ್ಲ ದೇವರು ನೋಡ್ಕೊಳ್ತಾನೆ ಅಂತ ಕೈಕಟ್ಟಿ ಕೂತರೆ?’ ಅನ್ನುವುದು ಅವಳ ಇನ್ನೊಂದು ಪ್ರಶ್ನೆ. ಅದನ್ನೂ ಬಡೇ ಭಾಯ್ ಹತ್ತಿರ ಕೇಳಿದ್ದೆ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಅಂತ ಪ್ರವಾದಿಯವರ ಮಾತಿದೆಯಂತೆ. ‘ನಾನು ಊರವರ ಒಂಟೆನೆಲ್ಲ ಕಟ್ತಾ ಕೂತಿದ್ದೆ’ ಅಂದರು.

ಎಲ್ಲ ಸರಿಹೋಗಿದೆ ಅಂತಲ್ಲ. ತಮ್ಮ ಮಾತು ಬಿಟ್ಟಿದ್ದಾನೆ. ಅಮ್ಮಿಗೆ ನನ್ನ ಮೇಲೆ ಕೋಪ. ಹೋದ ವಾರ ಬಂದಾಗ ಅವರೇ ಶುರು ಮಾಡಿದರು. ‘ತಂಗಿ ಫೋನ್ ಮಾಡಿದ್ಲು ಮೇಡಂ, 40 ಸಾವಿರ ಕೇಳಿದ್ಲು. ಈಗ ಆಗಲ್ಲಮ್ಮ ಅಂದೆ.’

‘ಆಮೇಲೆ?’

‘ರಾತ್ರಿ ಎರಡು ಸಲ ಎದ್ದು ಫೋನ್ ನೋಡ್ದೆ. ಅವಳು ಮತ್ತೆ ಮಾಡಿರಲಿಲ್ಲ.’

ಮುಂದಿನ ಬುಧವಾರ ಅಸರ್ ನಮಾಜ್ ಆದ ಮೇಲೆ ಬರುತ್ತೇನೆ ಅಂದರು. ಡೈರಿಯಲ್ಲಿ ಐದೂವರೆಗೆ ಬರೆದುಕೊಂಡೆ.